ಕಿವಿಯಿಂದ ಹಾಡು ತೆಗೆದರೆ ಕೈಕಾಲೇ ಆಡುವುದಿಲ್ಲ. ಇದು ಚಟವಾ, ಮೇಡಂ?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಆಲೂರು ತಾಲ್ಲೂಕಿನ ಒಂದು ಹಳ್ಳಿ. ಡಿಗ್ರಿ ಮುಗಿಸಿ ಮೂರು ವರ್ಷದಿಂದ ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಎರಡು ಸಲ ಬರೆದೆ, ಆಗಲಿಲ್ಲ. ದಿನಾ ಬಸ್ಸಲ್ಲಿ ಹಾಸನಕ್ಕೆ ಬಂದು ಲೈಬ್ರರಿಯಲ್ಲಿ ಕೂರುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಇಯರ್‌ಫೋನ್ ಹಾಕಿದರೆ ರಾತ್ರಿ ನಿದ್ದೆ ಬರುವ ತನಕ ತೆಗೆಯುವುದಿಲ್ಲ. ಬಸ್ಸಲ್ಲಿ, ಓದುವಾಗ, ಊಟ ಮಾಡುವಾಗ, ತೋಟಕ್ಕೆ ಹೋಗುವಾಗ. ದಿನಕ್ಕೆ ಏಳೆಂಟು ಗಂಟೆ ಆಗುತ್ತದೆ. ರಾತ್ರಿ ಊಟ ಆದ ಮೇಲೆ ತಾರಸಿಗೆ ಹೋಗಿ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತೇನೆ. ಆಗ ತಲೆಯಲ್ಲಿ ಒಂದು ಸಿನಿಮಾ ಓಡುತ್ತದೆ. ನಾನು ಆಫೀಸರ್ ಆಗಿರುತ್ತೇನೆ, ಊರಿನವರೆಲ್ಲ ಬಂದಿರುತ್ತಾರೆ. ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಈ ಮಳೆಗಾಲದಲ್ಲಿ ತಾರಸಿ ಪೂರ್ತಿ ಪಾಚಿ ಕಟ್ಟಿದೆ. ನಾನು ನಡೆದಾಡುವ ಕಡೆ ಮಾತ್ರ ಉದ್ದಕ್ಕೆ ಒಂದು ಗೆರೆ, ಸಿಮೆಂಟ್ ಕಾಣುತ್ತದೆ. ಮೊನ್ನೆ ಬೆಳಕಿನಲ್ಲಿ ಅದನ್ನು ನೋಡಿ ನನಗೇ ಭಯ ಆಯಿತು. ಹಾಡಿನ ಆ್ಯಪನ್ನು ಮೂರು ಸಲ ತೆಗೆದುಹಾಕಿದೆ, ಮೂರು ಸಲವೂ ನಾಲ್ಕನೇ ದಿನಕ್ಕೆ ಮತ್ತೆ ಹಾಕಿಕೊಂಡೆ. ಇಯರ್‌ಫೋನ್ ಚಾರ್ಜ್ ಮುಗಿದರೆ ಅಮ್ಮನ ಮೇಲೆ ರೇಗುತ್ತೇನೆ. ಮೊದಲಿಗಿಂತ ಸೌಂಡು ಜಾಸ್ತಿ ಬೇಕು. ರಾತ್ರಿ ಎಲ್ಲ ನಿಲ್ಲಿಸಿದರೆ ಎರಡೂ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ನಮ್ಮ ಅಪ್ಪ ಕುಡಿದು ಕುಡಿದು ಲಿವರ್ ಹಾಳಾಗಿ ತೀರಿಕೊಂಡರು. ಅಮ್ಮ ಈಗ "ಅವರಿಗೆ ಬಾಟ್ಲಿ, ನಿನಗೆ ಇದು" ಅಂತಾರೆ. ನನಗೂ ಅದೇ ರಕ್ತ ಬಂದಿದೆಯಾ? ಹಾಡು ಕೇಳುವುದನ್ನು ಪೂರ್ತಿ ಬಿಡಬೇಕಾ?

ಉತ್ತರ: ನಿಮ್ಮ ಪತ್ರವನ್ನು ಕೊನೆಯಿಂದ ಹಿಡಿದುಕೊಳ್ಳುತ್ತೇನೆ. ಹಾಡು ಜಾಸ್ತಿ ಆಯಿತು ಅನ್ನುವುದಕ್ಕಿಂತ, ಅಪ್ಪನ ದಾರಿಯಲ್ಲೇ ಹೋಗುತ್ತಿದ್ದೇನಾ ಅನ್ನುವ ಭಯ ನಿಮ್ಮನ್ನು ತಿನ್ನುತ್ತಿದೆ ಅಲ್ವಾ? ಅಮ್ಮ ಬೇಜಾರಿನಲ್ಲಿ ಆಡಿದ ಒಂದು ಮಾತು ಒಳಗೆ ಹೋಗಿ ಕೂತಿದೆ. ಅದನ್ನು ಮೊದಲು ಬಿಡಿಸೋಣ.

ಕುಡಿತದ ಚಟಕ್ಕೆ ವಂಶದ ಪಾಲು ಇರುವುದು ನಿಜ. ಅವಳಿ ಮಕ್ಕಳ ಮೇಲೆ, ದತ್ತು ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರೆ ಆ ಪಾಲು ಸುಮಾರು ಅರ್ಧದಷ್ಟು ಎಂದು ಕಾಣುತ್ತದೆ. ಉಳಿದ ಅರ್ಧ ಬೆಳೆದ ರೀತಿ, ಸಹವಾಸ, ಬದುಕಿನ ಒತ್ತಡ. ಅಪ್ಪ ಕುಡಿಯುತ್ತಿದ್ದರೆ ಮಗ ಕುಡುಕನೇ ಆಗಬೇಕು ಅಂತ ಎಲ್ಲೂ ಇಲ್ಲ. ಹಾಗಾಗಿ ಹೆಂಡದ ವಿಷಯದಲ್ಲಿ ನೀವು ಬೇರೆಯವರಿಗಿಂತ ಹೆಚ್ಚು ಹುಷಾರಾಗಿ ಇರುವುದು ಒಳ್ಳೆಯದೇ. ಆದರೆ ಆ ಲೆಕ್ಕವನ್ನು ಹಾಡಿಗೆ ತಂದು ಹಾಕಬೇಡಿ. ಬೆಳಿಗ್ಗೆ ಕುಡಿಯದಿದ್ದರೆ ಅಪ್ಪನ ಕೈ ನಡುಗುತ್ತಿದ್ದದ್ದನ್ನು ನೀವು ನೋಡಿರಬಹುದು. ವರ್ಷಗಟ್ಟಲೆ ಜಾಸ್ತಿ ಕುಡಿದವರು ದಿಢೀರ್ ಬಿಟ್ಟರೆ ಬೆವರು, ನಡುಕ, ಕೆಲವರಿಗೆ ಫಿಟ್ಸ್, ಎರಡು ಮೂರು ದಿನದಲ್ಲಿ ಇಲ್ಲದ್ದೆಲ್ಲ ಕಾಣುವ ಸ್ಥಿತಿ, ಜೀವಕ್ಕೇ ಅಪಾಯ. ಇಯರ್‌ಫೋನ್ ತೆಗೆದವರಿಗೆ ಹೀಗೆ ಆದದ್ದನ್ನು ನಾನು ನೋಡಿಲ್ಲ, ಆಗುವುದೂ ಇಲ್ಲ. ನಿಮಗೆ ಆಗುವುದು ಕಿರಿಕಿರಿ, ಚಡಪಡಿಕೆ, ಖಾಲಿ ಖಾಲಿ ಅನ್ನಿಸುವುದು. ಅದು ಸುಳ್ಳಲ್ಲ, ಆದರೆ ಬೇರೆ ಜಾತಿಯದು.

ಇನ್ನು, "ಸಂಗೀತದ ಚಟ" ಅನ್ನುವ ಕಾಯಿಲೆ ವೈದ್ಯರ ಪಟ್ಟಿಯಲ್ಲಿ ಇದೆಯಾ? ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಮದ್ದು, ಮಾದಕ ವಸ್ತು ಇಲ್ಲದ ಚಟಗಳಲ್ಲಿ ಅದು ಹೆಸರಿಟ್ಟು ಹೇಳಿರುವುದು ಎರಡನ್ನು. ಒಂದು ಜೂಜು, ಇನ್ನೊಂದು ಗೇಮ್ ಆಡುವುದು. ಹಾಡು ಕೇಳುವುದು ಅದರಲ್ಲಿ ಇಲ್ಲ. ಆದರೂ ಅಲ್ಲಿರುವ ಅಳತೆಗೋಲನ್ನು ನಾನು ಎರವಲು ತೆಗೆದುಕೊಳ್ಳುತ್ತೇನೆ. ಶುರು ಮಾಡುವುದು, ನಿಲ್ಲಿಸುವುದು ಕೈಯಲ್ಲಿ ಇಲ್ಲದ ಹಾಗಾಗಿದೆಯಾ? ಓದು, ನಿದ್ದೆ, ಮನೆಯವರು ಎಲ್ಲಕ್ಕಿಂತ ಅದೇ ಮುಂದೆ ಬಂದಿದೆಯಾ? ಹಾನಿ ಕಣ್ಣಿಗೆ ಕಂಡರೂ ಬಿಡಲಾಗುತ್ತಿಲ್ಲವಾ? ಇದು ತಿಂಗಳುಗಟ್ಟಲೆ ನಡೆದಿದೆಯಾ? ನಿಮ್ಮ ಪತ್ರದಲ್ಲಿ ಈ ನಾಲ್ಕಕ್ಕೂ ಅಷ್ಟಿಷ್ಟು "ಹೌದು" ಇದೆ. ಹೆಸರು ಇಲ್ಲದಿದ್ದರೂ ತೊಂದರೆ ಇದೆ, ಅದನ್ನು ಒಪ್ಪಿಕೊಳ್ಳೋಣ.

ಗಂಟೆ ಲೆಕ್ಕವನ್ನು ಮಾತ್ರ ಹಿಡಿದು ಕೂರಬೇಡಿ. ನಮ್ಮ ಜಿಲ್ಲೆಯಲ್ಲೇ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಇದೆ, ಕಾವೇರಿ ದಡದ ಊರು. ತಲೆಮಾರುಗಳಿಂದ ಸಂಗೀತಗಾರರನ್ನು ಕೊಟ್ಟ ಊರು ಅದು. ಆರ್.ಕೆ. ಶ್ರೀಕಂಠನ್ ಅಲ್ಲಿಯವರು. ತಂಬೂರಿ ಆಕಾರದಲ್ಲಿ ಕಟ್ಟಿದ ಮಂದಿರ ಕೂಡ ಅಲ್ಲಿದೆ. ಅಂಥ ಊರಲ್ಲಿ ಮನೆ ಮನೆಯಲ್ಲಿ ದಿನವಿಡೀ ಸಂಗೀತ ಕೇಳಿಸಿದರೆ ಯಾರೂ ಚಟ ಅನ್ನಲಿಲ್ಲ. ಒಬ್ಬ ಟೈಲರ್ ದಿನಕ್ಕೆ ಹತ್ತು ಗಂಟೆ ರೇಡಿಯೋ ಹಾಕಿಕೊಂಡು ಹೊಲಿಯುತ್ತಾನೆ. ಅವನ ಕೆಲಸ ನಡೆಯುತ್ತದೆ, ಬಂದ ಗಿರಾಕಿ ಜೊತೆ ಮಾತೂ ಆಡುತ್ತಾನೆ. ಅವನಿಗೆ ನನ್ನ ಹತ್ತಿರ ಕೆಲಸ ಇಲ್ಲ.

ಡೋಪಮೈನ್ ಮಾತು, ಅಂದರೆ ಸುಖಕ್ಕೂ "ಇನ್ನೂ ಬೇಕು" ಅನ್ನಿಸುವುದಕ್ಕೂ ಸಂಬಂಧಪಟ್ಟ ಮೆದುಳಿನ ರಾಸಾಯನಿಕದ ಮಾತು, ನಿಮ್ಮ ಕಿವಿಗೂ ಬಿದ್ದಿರುತ್ತದೆ. ರೀಲ್ಸ್ ತುಂಬ ಅದೇ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಕೇಳಿದರೆ ಮೈ ಜುಂ ಅನ್ನುವ ಸಂಗೀತವನ್ನು ಕೇಳುಗರಿಂದಲೇ ಆಯ್ಕೆ ಮಾಡಿಸಿ, ಕೇಳಿಸುತ್ತಾ ಮೆದುಳನ್ನು ಸ್ಕ್ಯಾನ್ ಮಾಡಿದರು. ಇಷ್ಟದ ಜಾಗ ಬಂದಾಗ ಡೋಪಮೈನ್ ಬಿಡುಗಡೆಯಾಯಿತು. ಇನ್ನೂ ಸ್ವಾರಸ್ಯ ಏನೆಂದರೆ, ಆ ಜಾಗ ಬರುವುದಕ್ಕೆ ಸ್ವಲ್ಪ ಮುಂಚೆ, "ಈಗ ಬರುತ್ತೆ, ಈಗ ಬರುತ್ತೆ" ಅನ್ನುವ ಹೊತ್ತಿಗೂ ಮೆದುಳಿನ ಇನ್ನೊಂದು ಭಾಗದಲ್ಲಿ ಅದು ಬಿಡುಗಡೆಯಾಗುತ್ತಿತ್ತು. ಒಂದೇ ಹಾಡನ್ನು ಇಪ್ಪತ್ತು ಸಲ ಕೇಳಿದರೂ ಸಾಕಾಗದೇ ಇರುವುದು ಯಾಕೆ ಅಂತ ಇದರಿಂದ ಸ್ವಲ್ಪ ಅರ್ಥವಾಗುತ್ತದೆ. ಎಲ್ಲಿ ಏನು ಬರುತ್ತದೆ ಅಂತ ಗೊತ್ತಿರುವುದರಿಂದಲೇ ಕಾಯುವ ಸುಖ ಇರುತ್ತದೆ. ಆದರೆ ಹಸಿದಾಗ ಊಟ ಮಾಡಿದರೂ, ಮಗು ನಕ್ಕರೂ ಡೋಪಮೈನ್ ಇರುತ್ತದೆ. ಡೋಪಮೈನ್ ಬಂತು ಅಂದ ಮಾತ್ರಕ್ಕೆ ಅದು ಹೆಂಡ ಆಗುವುದಿಲ್ಲ.

ಈಗ ನಿಮ್ಮ ತಾರಸಿಗೆ ಬರುತ್ತೇನೆ. ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪಾಚಿ ಇಲ್ಲದ ಗೆರೆ.

ನನ್ನ ಅನುಭವದಲ್ಲಿ "ಹಾಡಿನ ಚಟ" ಅಂತ ಬರುವವರಲ್ಲಿ ಕೆಲವರಿಗೆ ಮುಖ್ಯ ತೊಂದರೆ ಹಾಡಿನದ್ದು ಆಗಿರುವುದೇ ಇಲ್ಲ. ಹಾಡು ಅವರಿಗೆ ಬಾಗಿಲು. ಆ ಬಾಗಿಲಿಂದ ಹಗಲುಗನಸಿನೊಳಗೆ ಹೋಗುತ್ತಾರೆ. ಇಸ್ರೇಲಿನ ಮನಶ್ಶಾಸ್ತ್ರಜ್ಞ ಎಲಿ ಸೋಮರ್ 2002ರಲ್ಲಿ ಇದಕ್ಕೆ ಮಾಲ್‌ಅಡಾಪ್ಟಿವ್ ಡೇಡ್ರೀಮಿಂಗ್ ಅಂತ ಹೆಸರಿಟ್ಟರು. ಹತೋಟಿ ಮೀರಿದ ಹಗಲುಗನಸು ಅನ್ನೋಣ. ಅದರ ಲಕ್ಷಣಗಳನ್ನು ಕೇಳಿ. ಕಥೆ ಧಾರಾವಾಹಿಯ ಹಾಗೆ ದಿನಾ ಮುಂದುವರಿಯುತ್ತದೆ. ಸಂಗೀತ ಹಾಕಿದರೆ ಕಥೆ ಹೊತ್ತಿಕೊಳ್ಳುತ್ತದೆ. ಕೂತಲ್ಲಿ ಕೂರಲಾಗದೆ ಆ ಕಡೆ ಈ ಕಡೆ ನಡೆಯುತ್ತಾರೆ, ಕೆಲವರ ತುಟಿ ಆಡುತ್ತಿರುತ್ತದೆ, ಮುಖದಲ್ಲಿ ನಗುವೋ ಸಿಟ್ಟೋ ಬಂದು ಹೋಗುತ್ತದೆ. ಯಾರಾದರೂ ಕರೆದರೆ ವಿಪರೀತ ಕಿರಿಕಿರಿ. ಮುಗಿದ ಮೇಲೆ ನಾಚಿಕೆ. ಇದೂ ಇನ್ನೂ ಅಧಿಕೃತ ಪಟ್ಟಿಗೆ ಸೇರಿಲ್ಲ. ಆದರೆ ನೀವು ಬರೆದದ್ದನ್ನು ಇದರ ಪಕ್ಕ ಇಟ್ಟರೆ ತುಂಬಾ ಹೋಲುತ್ತದೆ.

ಇದು ಹುಚ್ಚಲ್ಲ. ತಾರಸಿಯಲ್ಲಿ ನೀವು ಆಫೀಸರ್ ಆಗಿರುವಾಗಲೂ ಅದು ಕಲ್ಪನೆ ಅಂತ ನಿಮಗೆ ಗೊತ್ತು. ಆ ಗೆರೆ ಕಂಡಾಗ ಭಯ ಆದದ್ದೇ ಅದಕ್ಕೆ ಸಾಕ್ಷಿ.

ಯಾಕೆ ಹೀಗಾಗುತ್ತದೆ? ನಿಮ್ಮ ದಿನವನ್ನೇ ನೋಡಿ. ಮೂರು ವರ್ಷ, ಎರಡು ಸಲ ಫೇಲು. ಊರಲ್ಲಿ ಸಿಕ್ಕವರೆಲ್ಲ "ಏನಾಯ್ತಪ್ಪಾ, ಆಯ್ತಾ?" ಅಂತ ಕೇಳುತ್ತಾರೆ. ಜೊತೆಯಲ್ಲಿ ಓದಿದವರು ಸಂಬಳ ಎಣಿಸುತ್ತಿದ್ದಾರೆ. ಪುಸ್ತಕ ತೆಗೆದರೆ ಎದೆಯಲ್ಲಿ ಒಂದು ಹಿಡಿತ. ತಾರಸಿ ಹತ್ತಿ ಹಾಡು ಹಾಕಿದರೆ ಎರಡೇ ನಿಮಿಷದಲ್ಲಿ ರಿಸಲ್ಟ್ ಬಂದಾಗಿದೆ, ಪೋಸ್ಟಿಂಗ್ ಆಗಿದೆ, ಊರವರು ಹಾರ ಹಿಡಿದು ನಿಂತಿದ್ದಾರೆ. ಒಂದು ಪುಟವನ್ನೂ ಓದದೆ ಗೆದ್ದ ಸುಖ ಸಿಗುತ್ತದೆ. ಮೆದುಳು ಯಾವುದನ್ನು ಆರಿಸುತ್ತದೆ ಹೇಳಿ? ಮರುದಿನ ಓದು ಇನ್ನೂ ಹಿಂದೆ ಬಿದ್ದಿರುತ್ತದೆ, ಎದೆಯ ಹಿಡಿತ ಇನ್ನೂ ಜಾಸ್ತಿ, ರಾತ್ರಿ ತಾರಸಿ ಇನ್ನೂ ಬೇಕು. ಈ ಸುತ್ತು ಹೀಗೇ ಬಿಗಿಯಾಗುತ್ತಾ ಹೋಗುತ್ತದೆ. ಮೂರು ಸಲ ಆ್ಯಪ್ ತೆಗೆದರೂ ನಾಲ್ಕನೇ ದಿನಕ್ಕೆ ಮತ್ತೆ ಬಂದದ್ದು ಇದಕ್ಕೇ. ನೀವು ಬಾಗಿಲು ಮುಚ್ಚಿದಿರಿ, ಒಳಗಿನ ಹೆದರಿಕೆ ಹಾಗೇ ಇತ್ತು. ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ಬೈದುಕೊಳ್ಳಬೇಡಿ.

ಕಿವಿಯ ವಿಷಯ ಬೇರೆ, ಅದನ್ನು ತಡ ಮಾಡಬೇಡಿ. "ಮೊದಲಿಗಿಂತ ಸೌಂಡು ಜಾಸ್ತಿ ಬೇಕು" ಅನ್ನುವುದನ್ನು ನೀವು ಚಟ ಏರಿದ ಗುರುತು ಅಂದುಕೊಂಡಿದ್ದೀರಿ. ಕಿವಿ ದಣಿದಿರುವ ಸಾಧ್ಯತೆಯೇ ಜಾಸ್ತಿ. ಜೋರು ಸದ್ದು ಹೊತ್ತುಗಟ್ಟಲೆ ಬಿದ್ದರೆ ಒಳಕಿವಿಯ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಮಂಕಾಗುತ್ತವೆ. ಆಗ ಅದೇ ಹಾಡು ಸಣ್ಣಗೆ ಕೇಳಿಸುತ್ತದೆ, ನೀವು ಇನ್ನೆರಡು ಗೆರೆ ಏರಿಸುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ತನಕ ಸರಿ. ಸದ್ದು 3 ಡೆಸಿಬಲ್ ಏರಿದ ಹಾಗೆಲ್ಲ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ನೀವು ವಾರಕ್ಕೆ 50 ಗಂಟೆ ದಾಟಿದ್ದೀರಿ, ಅದರಲ್ಲಿ ದಿನಾ ಬಸ್ಸಿನ ಇಂಜಿನ್ ಸದ್ದನ್ನು ಮೀರಿಸಲು ಏರಿಸಿದ ಹೊತ್ತೂ ಇದೆ. ಆ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ರಾತ್ರಿಯ ಗುಂಯ್ ಸದ್ದು ಇದರ ಮುನ್ಸೂಚನೆ ಇರಬಹುದು, ಬರೀ ಗುಗ್ಗೆಯೂ ಇರಬಹುದು. ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ, ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಒಂದು ವೇಳೆ ಒಂದು ಕಿವಿ ದಿಢೀರ್ ಅಂತ ಕೇಳಿಸದೇ ಹೋದರೆ ಅದು ತುರ್ತು. ಅವತ್ತೇ ಹೋಗಬೇಕು. ಇನ್ನೊಂದು ಮಾತು. ರಾತ್ರಿ ಆ ಗುಂಯ್ ಕೇಳಬಾರದು ಅಂತಲೇ ಹಾಡು ಹಾಕಿ ಮಲಗುತ್ತಿದ್ದೀರಾ, ಯೋಚಿಸಿ. ಹಾಗಿದ್ದರೆ ಫ್ಯಾನ್ ಸದ್ದು ಸಾಕು, ಕಿವಿಯೊಳಗೆ ಏನೂ ಬೇಡ.

ಸೌಂಡನ್ನು ಫೋನಿನ ಅರವತ್ತು ಪರ್ಸೆಂಟಿಗಿಂತ ಮೇಲೆ ಏರಿಸಬೇಡಿ. ತೋಟಕ್ಕೆ ಹೋಗುವಾಗ ಇಯರ್‌ಫೋನ್ ಬೇಡವೇ ಬೇಡ. ನಿಮ್ಮದು ಆಲೂರು ಕಡೆ. ಕಾಫಿ ಗಿಡದ ಮಧ್ಯೆ ಆನೆ ನಿಂತಿದ್ದರೆ ಹತ್ತಾರು ಅಡಿ ದೂರದಿಂದಲೂ ಕಣ್ಣಿಗೆ ಕಾಣುವುದಿಲ್ಲ. ಕೊಂಬೆ ಮುರಿದ ಸದ್ದು, ನಾಯಿ ಬೊಗಳಿದ್ದು, ಆಳುಗಳು ಕೂಗಿದ್ದು, ಇಷ್ಟರಿಂದಲೇ ಜನ ಜೀವ ಉಳಿಸಿಕೊಳ್ಳುತ್ತಾರೆ. ಹಾಡಿನ ಬಗ್ಗೆ ನಾನು ಹೇಳುವ ಬೇರೆ ಯಾವ ಮಾತನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಓದುವಾಗ ಹಾಡು ಇದ್ದರೆ ತಲೆ ಚೆನ್ನಾಗಿ ಓಡುತ್ತದೆ ಅಂತ ಲೈಬ್ರರಿ ಹುಡುಗರು ಹೇಳುತ್ತಾರೆ. ಸಂಗೀತದಿಂದ ಬುದ್ಧಿ ಹೆಚ್ಚುತ್ತದೆ ಅನ್ನುವ ನಂಬಿಕೆ ಹರಡಿದ್ದು 1993ರ ಒಂದು ಸಣ್ಣ ಪ್ರಯೋಗದಿಂದ. ಮೊಜಾರ್ಟ್ ಸಂಗೀತ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳನ್ನು ಊಹಿಸುವ ಒಂದು ಪರೀಕ್ಷೆಯಲ್ಲಿ ಸ್ವಲ್ಪ ಮುಂದೆ ಬಂದರು, ಅದೂ ಹತ್ತು ಹದಿನೈದು ನಿಮಿಷದ ಮಟ್ಟಿಗೆ. ಅವರು ಅದನ್ನು ಕೇಳಿದ್ದೂ ಪರೀಕ್ಷೆಗೆ ಮುಂಚೆ. ಓದಿನ ಮಧ್ಯೆ ಸಾಹಿತ್ಯ ಇರುವ ಹಾಡು ಬಂದರೆ ಕಥೆಯೇ ಬೇರೆ. ಓದುವ ಮಾತು, ಹಾಡಿನ ಮಾತು ಎರಡೂ ಮೆದುಳಿನ ಒಂದೇ ಕಟ್ಟೆಗೆ ಬಂದು ಕೂರುತ್ತವೆ, ನೆನಪು ಸೋರುತ್ತದೆ. ಅದರಲ್ಲೂ ಅರ್ಥವಾಗುವ ಭಾಷೆಯ ಹಾಡು ಜಾಸ್ತಿ ಅಡ್ಡ ಬರುತ್ತದೆ. ಸಂವಿಧಾನದ ಕಲಂಗಳನ್ನು ಬಾಯಿಪಾಠ ಮಾಡುವ ಹೊತ್ತಿಗೆ ಕಿವಿ ಖಾಲಿ ಇರಲಿ.

ಹಾಗಾದರೆ ಏನು ಮಾಡುವುದು? ಪೂರ್ತಿ ಬಿಡುವ ದಾರಿ ಇದೆ. ಕೆಲವರಿಗೆ ಅದು ಸುಲಭ ಅನ್ನಿಸುತ್ತದೆ, ಹಾಕಬೇಕೋ ಬೇಡವೋ ಅಂತ ಗಳಿಗೆಗೊಮ್ಮೆ ಚೌಕಾಸಿ ಮಾಡುವ ತಲೆನೋವು ಇರುವುದಿಲ್ಲ. ನಿಮಗೆ ಅದು ಮೂರು ಸಲ ಕೈಕೊಟ್ಟಿದೆ. ನಾಲ್ಕನೇ ಸಲವೂ ಸೋತರೆ "ನಾನು ಅಪ್ಪನ ಮಗನೇ" ಅನ್ನುವ ಮಾತು ಒಳಗೆ ಗಟ್ಟಿಯಾಗುತ್ತದೆ. ನಾನು ನಿಮಗೆ ಅದನ್ನು ಹೇಳುವುದಿಲ್ಲ. ಮೇಲಾಗಿ ಸಂಗೀತ ನಿಮಗೆ ಸುಖ ಕೊಡುವ ವಸ್ತು. ಸುಖ ಅಂತ ಉಳಿದಿರುವ ಒಂದನ್ನೂ ಕಿತ್ತುಕೊಂಡರೆ ಮಂಕು ಕವಿಯಬಹುದು.

ನನ್ನ ಸಲಹೆ, ನಡಿಗೆಯನ್ನೂ ಹಾಡನ್ನೂ ಬಿಡಿಸಿ ಬೇರೆ ಮಾಡಿ. ನಡೆಯುವಾಗ ಹಾಡು ಬೇಡ, ಹಾಡು ಕೇಳುವಾಗ ಕೂತಿರಿ. ಅದೂ ಕೆಳಗೆ, ಮನೆಯವರು ಇರುವ ಕಡೆ, ಸ್ಪೀಕರ್‌ನಲ್ಲಿ. ಒಂದು ಹಾಡು ಮುಗಿದ ಕೂಡಲೇ ತಾನಾಗಿ ಮುಂದಿನದು ಶುರುವಾಗುವ ವ್ಯವಸ್ಥೆ ಆ್ಯಪಿನಲ್ಲಿ ಇರುತ್ತದೆ, ಅದನ್ನು ಆಫ್ ಮಾಡಿ. ಪ್ರತಿ ಹಾಡನ್ನೂ ನೀವೇ ಕೈಯಾರೆ ಹಾಕಬೇಕು. ಮೊದಲ ವಾರ ತುಂಬಾ ಬೇಜಾರು ಅನ್ನಿಸುತ್ತದೆ. ತಾರಸಿ ಕರೆಯುತ್ತದೆ. ಹತ್ತಿದರೂ ತೊಂದರೆ ಇಲ್ಲ, ಫೋನನ್ನು ಅಡುಗೆಮನೆಯಲ್ಲಿ ಇಟ್ಟು ಹತ್ತಿ. ಹಾಡಿಲ್ಲದೆ ಕಥೆ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ ಅಂತ ನೀವೇ ನೋಡುತ್ತೀರಿ.

ಜೊತೆಗೆ ಒಂದು ಸಣ್ಣ ನೋಟ್‌ಬುಕ್ ಇಡಿ. ಕೈ ಇಯರ್‌ಫೋನ್ ಕಡೆ ಹೋದ ಕ್ಷಣ ಮೂರೇ ಮಾತು ಬರೆಯಿರಿ: ಗಂಟೆ ಎಷ್ಟು, ಅದಕ್ಕೆ ಮುಂಚೆ ಏನಾಯಿತು, ಮನಸ್ಸಿನಲ್ಲಿ ಏನಿತ್ತು. ಬರೆದ ಮೇಲೆ ಬೇಕಾದರೆ ಹಾಡು ಹಾಕಿ. ಸುಮ್ನೆ ಬರೆಯುವುದರಿಂದ ಏನಾಗುತ್ತದೆ ಅನ್ನಿಸಬಹುದು. ಹಗಲುಗನಸು ಹತೋಟಿಗೆ ತರಲು ಈಗ ಇರುವ ವಿಧಾನಗಳಲ್ಲಿ ಹೀಗೆ ತನ್ನನ್ನು ತಾನೇ ಗಮನಿಸುವುದು ಮುಖ್ಯವಾದದ್ದು. ಎರಡು ವಾರದಲ್ಲಿ ಒಂದು ನಕ್ಷೆ ಸಿಗುತ್ತದೆ. ಗಣಿತದ ಪುಸ್ತಕ ತೆರೆದಾಗ ಮಾತ್ರ ಕೈ ಹೋಗುತ್ತಿದೆಯಾ? ಪಕ್ಕದ ಮನೆಯವರು ಕೇಳಿದ ದಿನ ಜಾಸ್ತಿಯಾ? ಇದಕ್ಕಿಂತ ಒಳ್ಳೆಯ ಮಾಹಿತಿ ಯಾವ ಡಾಕ್ಟರಿಗೂ ಸಿಗುವುದಿಲ್ಲ.

ಮಾತ್ರೆ ಬೇಕಾ? ಹಾಡು ಬಿಡಿಸುವ ಮಾತ್ರೆ ಇಲ್ಲ. ಆದರೆ ಇದರ ಕೆಳಗೆ ಖಿನ್ನತೆ, ಆತಂಕ, ಗೀಳು ಅಥವಾ ಚಿಕ್ಕಂದಿನಿಂದಲೇ ಗಮನ ನಿಲ್ಲದ ತೊಂದರೆ ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ಖಿನ್ನತೆಯ ಮಾತ್ರೆಗಳು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಶುರುವಿನಲ್ಲಿ ಹೊಟ್ಟೆ ತೊಳಸಬಹುದು, ದಿಢೀರ್ ಅಂತ ನಿಲ್ಲಿಸಬಾರದು. ಎಲ್ಲರಿಗೂ ಬೇಕಾಗುವುದೂ ಇಲ್ಲ. ನೋಡಿ ಮಾತಾಡದೆ ನಿಮಗೆ ಬೇಕು ಬೇಡ ಅಂತ ನಾನು ಹೇಳಲಾರೆ.

ಕೆಲವು ಸಂದರ್ಭದಲ್ಲಿ ಮಾತ್ರ ಕಾಯಬಾರದು. ಕೆಲವು ವರ್ಷದ ಹಿಂದೆ ಚಿಕ್ಕಮಗಳೂರು ಕಡೆಯಿಂದ ಒಬ್ಬ ಹುಡುಗಿಯನ್ನು ಕರೆತಂದರು. ಯಾವಾಗಲೂ ಇಯರ್‌ಫೋನ್, ಕಿತ್ತುಕೊಂಡರೆ ರಂಪ, ಅಂತ ಮನೆಯವರ ದೂರು. ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು, "ಹಾಡು ನಿಲ್ಲಿಸಿದರೆ ಏನು ಕೇಳಿಸುತ್ತೆ ಮಗಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ನೆಲ ನೋಡಿ, "ಬೈತಾರೆ" ಅಂದಳು. ಯಾರೂ ಇಲ್ಲದಿದ್ದಾಗಲೂ ಬೈಯುವ ಧ್ವನಿಗಳು. ಅವನ್ನು ಮುಚ್ಚಲು ಪಾಪ ಆ ಹುಡುಗಿ ತಿಂಗಳುಗಟ್ಟಲೆ ಹಾಡು ಹಾಕಿಕೊಂಡಿದ್ದಳು. ಮನೆಯವರು ಅವಳ ಕೈಯಲ್ಲಿದ್ದ ಒಂದೇ ಮದ್ದನ್ನು ಕಿತ್ತುಕೊಳ್ಳುತ್ತಿದ್ದರು. ಹಾಗಾಗಿ ಆ ಪ್ರಶ್ನೆಯನ್ನು ನಿಮಗೂ ಕೇಳುತ್ತೇನೆ. ನಿಲ್ಲಿಸಿದಾಗ ಗುಂಯ್ ಬಿಟ್ಟು ಮಾತು ಏನಾದರೂ ಕೇಳಿಸುತ್ತದೆಯಾ? ನಿದ್ದೆಯೇ ಬೇಡ ಅನ್ನಿಸುವಷ್ಟು ಹುಮ್ಮಸ್ಸು ವಾರಗಟ್ಟಲೆ ಇರುತ್ತದೆಯಾ? ಬದುಕು ಸಾಕು ಅನ್ನಿಸುತ್ತದೆಯಾ? ಒಂದಕ್ಕೆ ಹೌದಾದರೂ ಈ ವಾರವೇ ಯಾರನ್ನಾದರೂ ಕಾಣಿ. ಬದುಕು ಸಾಕು ಅನ್ನಿಸಿದ್ದರೆ ಇವತ್ತೇ.

ದೂರ ಹೋಗಬೇಕಿಲ್ಲ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ, ನೀವು ದಿನಾ ಬರುವ ಊರೇ. ಫೋನಲ್ಲಿ ಮಾತಾಡುವುದಾದರೆ ಟೆಲಿಮಾನಸ್ ಸಹಾಯವಾಣಿ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನು, ಗೇಮು, ಇಂಟರ್ನೆಟ್ ಬಿಡಲಾಗದವರಿಗೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ಶುರು ಮಾಡಿತು. ನಿಮಗೆ ಮೊದಲು ಹಾಸನವೇ ಸಾಕು ಅಂತ ನನ್ನ ಅಂದಾಜು.

ಪರೀಕ್ಷೆಯ ಬಗ್ಗೆಯೂ ಕೂತು ಮಾತಾಡಬೇಕು. ಇನ್ನೆಷ್ಟು ಸಲ ಬರೆಯುವುದು, ಆಗದಿದ್ದರೆ ಏನು, ಅನ್ನುವುದಕ್ಕೆ ಒಂದು ತಾರೀಖು ಹಾಕಿಕೊಳ್ಳಿ. ಕೊನೆ ಇಲ್ಲದ ಕಾಯುವಿಕೆಯಲ್ಲಿ ಯಾರಾದರೂ ತಾರಸಿ ಹತ್ತುತ್ತಾರೆ.

ಅಮ್ಮನಿಗೆ ಈ ಉತ್ತರ ಓದಿ ಹೇಳಿ. ಒಬ್ಬರನ್ನು ಚಟಕ್ಕೆ ಕಳೆದುಕೊಂಡ ಹೆಂಗಸು ಅವರು, ಮಗ ರಾತ್ರಿ ಕತ್ತಲಲ್ಲಿ ಒಬ್ಬನೇ ನಡೆಯುವ ಹೆಜ್ಜೆ ಸದ್ದನ್ನು ಕೆಳಗೆ ಮಲಗಿ ಕೇಳುತ್ತಿರುತ್ತಾರೆ. ಅವರ ಬೈಗುಳ ಅಲ್ಲಿಂದ ಬಂದದ್ದು. ಅಮ್ಮಾ, ನಿಮಗೂ ಒಂದು ಮಾತು. ಫೋನ್ ಕಿತ್ತಿಡಬೇಡಿ, ಅಪ್ಪನ ಹೋಲಿಕೆ ಇನ್ನು ಬೇಡ. ರಾತ್ರಿ ಊಟ ಆದ ಮೇಲೆ ಮಗನನ್ನು ಕರೆದು, "ಅದೇನು ಹಾಡು, ನನಗೂ ಹಾಕು ನೋಡೋಣ" ಅನ್ನಿ. ಪಾತ್ರೆ ತೊಳೆಯುತ್ತಾ ಕೇಳಿ. ಎರಡು ಹಾಡು ಆದರೆ ಸಾಕು.

ಎರಡು ವಾರದ ನೋಟ್‌ಬುಕ್ ತುಂಬಿದ ಮೇಲೆ ನನಗೆ ಮತ್ತೆ ಬರೆಯಿರಿ. ಕಿವಿ ಪರೀಕ್ಷೆಯಲ್ಲಿ ಏನು ಬಂತು ಅನ್ನುವುದನ್ನೂ ಬರೆಯಿರಿ.